ದ್ರಾಕ್ಷಿ ಗೊಂಚಲಿನಂಥ ಅಕ್ಷರಗಳು

ನಾಶಿಕ,
೩ ಅಕ್ಟೋಬರ್ ೨೦೦೯

ಪ್ರೀತಿಯ ಅವ್ವ,

ನಿನಗೂ ಅಪ್ಪನಿಗೂ ನಮಸ್ಕಾರ. ನಿಖಿಲನಿಗೆ ನನ್ನ ಕಡೆಯಿಂದ ಏನೂ ಹೇಳಬೇಡ. ಅಕ್ಕನ ಸೋಲಿನ ಸುದ್ದಿಯನ್ನು ಅವನು ಸ್ವಲ್ಪ ಬೇಗ ಹಂಚಿಬಿಟ್ಟಿದ್ದಾನೆ.

ದಸರೆಯ ದಿನ ನೀನು ಫೋನಿನಲ್ಲಿ, ಆ ದ್ರಾಕ್ಷಿಯವರು ಕೆಲಸ ಒಪ್ಪಿದರೋ ಇಲ್ಲವೋ ಎಂದು ಕೇಳಿದೆ. ನಾನು ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ. ನೀವೆಲ್ಲ ಅದನ್ನು ‘ಇಲ್ಲ’ ಎಂದೇ ತಿಳಿದಿರಿ. ಚಂದ್ರಾಮಪ್ಪ ಕಾಕಾ ತಮ್ಮ ಪರಿಚಯದ ಶಾಲೆಯ ಕಚೇರಿಯಲ್ಲಿ ನನಗಾಗಿ ಒಂದು ಕುರ್ಚಿಯನ್ನೂ ಒರೆಸಿ ಇಡಿಸಿದ್ದಾರಂತೆ. ನಮ್ಮ ಮಾತು ನಾನು ಮರೆತಿಲ್ಲ: ದೀಪಾವಳಿಯೊಳಗೆ ಒಬ್ಬ ಗಿರಾಕಿಯಾದರೂ ನನ್ನ ಕೆಲಸ ಒಪ್ಪಬೇಕು, ಇಲ್ಲದಿದ್ದರೆ ಈ ಬಾಡಿಗೆ ಖೋಲಿಗೆ ಬೀಗ ಹಾಕಿ ಔರಂಗಾಬಾದಿಗೆ ಬಂದುಬಿಡಬೇಕು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ವೈಜನಾಥರಾವ್ ಪಿಂಪಳಗಾಂವ್‌ನಲ್ಲಿ ಒಣದ್ರಾಕ್ಷಿಯ ವ್ಯಾಪಾರಿ. ದೀಪಾವಳಿ ವ್ಯಾಪಾರಕ್ಕೆ ವೆಬ್‌ಸೈಟ್ ಬೇಕೆಂದು ಅವರೇ ಹುಡುಕಿಕೊಂಡು ಬಂದದ್ದು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗಿರಾಕಿಯ ಬರಹ ಕೈಗೆ ಬರುವ ತನಕ ಪುಟದ ಖಾಲಿ ಜಾಗದಲ್ಲಿ ಏನಾದರೂ ನಾಲ್ಕು ಸಾಲು ತುಂಬಿರುತ್ತೇವೆ, ದರ್ಜಿಯವರು ಕಚ್ಚಾ ಹೊಲಿಗೆ ಹಾಕುವಂತೆ. ನಾನು ಮೊದಲು ಮರಾಠಿಯಲ್ಲಿ ತುಂಬಿದೆ. ರಾವ್ ಜೇಬಿನಿಂದ ಪೆನ್ನು ತೆಗೆದು, ನೀನು ನನ್ನ ಪತ್ರಗಳನ್ನು ತಿದ್ದುವ ಹಾಗೆ, ಅದನ್ನೇ ತಿದ್ದುತ್ತ ಕುಳಿತರು. ಪುಟದ ಚಿತ್ರ ಹೇಗಿದೆ ಎಂದು ನಾನು ಕೇಳಿದರೆ ‘ಉತ್ತಮ’ ತೆಗೆದು ‘ಸರ್ವೋತ್ತಮ’ ಹಾಕು ಎನ್ನುವರು. ಇಂಗ್ಲಿಷ್ ತುಂಬಿದಾಗ ಅದನ್ನು ಓದಿಸಲು ಮನ್ಮಾಡಿನ ಅಳಿಯನನ್ನೇ ಕರೆಸಿದರು. ಅವರು ಓದಲಾರದ ಭಾಷೆಯಲ್ಲಿ ತುಂಬಿದರೆ ಕೊನೆಗೂ ಪುಟವನ್ನು ನೋಡಿಯಾರು ಎಂದು ಕನ್ನಡಕ್ಕೆ ಬಂದೆ. ಅಂದು ಅವರು ಮತ್ತೊಮ್ಮೆ ಬಣ್ಣ ಬದಲಿಸಲು ಹೇಳಿದ್ದರು. ತಲೆಗೆ ಬಂದದ್ದನ್ನು ಬರೆದೆ:

“ಈ ಯಜಮಾನರಿಗೆ ಹಸಿರು ಬೇಡ, ನೇರಳೆಯೂ ಬೇಡ. ದಿನಕ್ಕೊಂದು ಬಣ್ಣ ಕೇಳುತ್ತಾರೆ. ಮನುಷ್ಯ ಹಟಮಾರಿ. ಆದರೆ ಇವರ ದ್ರಾಕ್ಷಿ ಮಾತ್ರ ಬಲು ಸಿಹಿ.”

ಇನ್ನೂ ಒಂದು ಸಾಲು ಇತ್ತು. ಅದು ಅಷ್ಟು ಮುಖ್ಯವಲ್ಲ.

ರಾವ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇದು ಯಾವ ಲಿಪಿ ಎಂದು ಕೇಳಿದರು. ಕನ್ನಡ ಎಂದೆ. “ಒಂದೊಂದು ಅಕ್ಷರವೂ ಗೊಂಚಲಿನ ಹಾಗೆ ಇದೆಯಲ್ಲ, ಪೋರೀ. ಇದನ್ನು ತೆಗೆದರೆ ನೋಡು” ಎಂದರು. ಇದು ಸುಮ್ಮನೆ ತುಂಬಿದ್ದು, ಇದರಲ್ಲಿ ಹುರುಳಿಲ್ಲ ಎಂದೆ. ಸೀರೆಯ ಅಂಚಿನಲ್ಲಿ ಏನು ಬರೆದಿದೆ ಎಂದು ಯಾರು ಕೇಳುತ್ತಾರೆ ಎಂದರು.

ಸೈಟ್ ತೆರೆಯುವ ಮೊದಲು ಅಲ್ಲಿ ಮರ್ಯಾದೆಯ ನಾಲ್ಕು ಮಾತು ಬರೆದಿಟ್ಟರಾಯಿತು ಎಂದುಕೊಂಡಿದ್ದೆ. ಆದರೆ ಭಟ್ಟರು ದಸರೆಯ ಬೆಳಗಿಗೇ ಮುಹೂರ್ತ ಕೊಟ್ಟರು. ನಾನು ಬಸ್ಸಿನಿಂದ ಇಳಿದು ಅಂಗಡಿ ಮುಟ್ಟುವಷ್ಟರಲ್ಲಿ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ಮೌಸಿಗೆ ಕುಂಕುಮ ಹತ್ತಿತ್ತು. ರಾವ್ ಅವರ ಹೆಂಡತಿ ಕಮಲಾಬಾಯಿ ಆರತಿ ಎತ್ತಿ ಗುಂಡಿ ಒತ್ತಿದರು, ಪುಟ ತೆರೆದುಕೊಂಡಿತು. ಕನ್ನಡ ಅಕ್ಷರಗಳು ಬೇರೆ ಕಂಪ್ಯೂಟರುಗಳಲ್ಲಿ ಚೌಕ ಚೌಕವಾಗಿ ಒಡೆಯದಿರಲಿ ಎಂದು ನಾನು ಅವನ್ನು ಚಿತ್ರವಾಗಿ ಮಾಡಿ ಇಟ್ಟಿದ್ದೆ. ಆದ್ದರಿಂದ ನನ್ನ ಬೈಗುಳ ಎಲ್ಲೆಡೆ ಸ್ವಚ್ಛವಾಗಿ ಕಾಣುತ್ತಿತ್ತು. ನಿನ್ನ ಫೋನ್ ಬಂದದ್ದು ಆ ಹೊತ್ತಿಗೆ.

ಪಿಂಪಳಗಾಂವ್‌ನಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ಪಕ್ಕದಲ್ಲೇ ಓಝರ್ ಇದೆ, ಅಲ್ಲಿನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ನಮ್ಮವರು ತುಂಬಿದ್ದಾರೆ ಎಂಬುದು ಹೊಳೆಯಲೇ ಇಲ್ಲ.

ನಿನ್ನೆ ಬೆಳಿಗ್ಗೆ ರಾವ್ ಫೋನ್ ಮಾಡಿ, ಇದ್ದ ಹಾಗೆ ಹೊರಟು ಬಾ ಎಂದರು. ಬಸ್ಸಿನಲ್ಲಿ ಕಾಕಾ ಒರೆಸಿಟ್ಟ ಕುರ್ಚಿಯೇ ಕಣ್ಣ ಮುಂದಿತ್ತು. ಅಂಗಡಿಯಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು. ಸರೋಜಿನಿ ಎಂದು ಹೆಸರು, ಧಾರವಾಡದವಳು, ಗಂಡ ಕಾರ್ಖಾನೆಯಲ್ಲಿ ಇಂಜಿನಿಯರ್. “ಇದನ್ನ ಬರದಾಕಿ ನೀನ ಏನವಾ? ಬೈದದ್ದೂ ಬೈದಿ, ಮ್ಯಾಲ ಹಾರಾನೂ ಹಾಕಿಸಿದಿ” ಎಂದಳು. ಅರ್ಥವನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಬರೆದವಳೇ ಹೇಳಲಿ ಎಂದು ಕಾದಿದ್ದಳು.

ರಾವ್ ಕುರ್ಚಿ ಎಳೆದುಕೊಂಡು, ಒಂದೊಂದೇ ಸಾಲು ಮರಾಠಿಯಲ್ಲಿ ಹೇಳು ಎಂದರು. ಯಜಮಾನರಿಗೆ ಬಣ್ಣಗಳ ಬಗ್ಗೆ ಸೂಕ್ಷ್ಮ ಅಭಿರುಚಿ ಇದೆ ಎಂದು ಶುರು ಮಾಡಿದೆ. ಸರೋಜಿನಿ ಕೆಮ್ಮಿದಳು. ಬಣ್ಣವನ್ನು ಆಗಾಗ ಬದಲಿಸುತ್ತಾರೆ ಎಂದೆ. ಇನ್ನೂ ಜೋರಾಗಿ ಕೆಮ್ಮಿದಳು. ದೃಢ ಮನಸ್ಸಿನವರು ಎಂದಾಗ ಆ ಕೆಮ್ಮು ಕೇಳಿ ಕಮಲಾಬಾಯಿ ಒಳಗಿನಿಂದ ನೀರು ತಂದರು. ಅವಳ ಗಂಟಲನ್ನಾದರೂ ಉಳಿಸೋಣ ಎಂದು, ಮೊದಲಿನಿಂದ ಎಲ್ಲವನ್ನೂ ಇದ್ದುದು ಇದ್ದ ಹಾಗೆ ಹೇಳಿಬಿಟ್ಟೆ.

ಕೈಚೀಲ ಎತ್ತಿಕೊಂಡು ಹೊರಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ರಾವ್ ಕನ್ನಡಕ ತೆಗೆದು ಒರೆಸಿದರು. “ದಿನಕ್ಕೊಂದು ಬಣ್ಣ ಎಂದದ್ದು ಸುಳ್ಳು. ವಾರಕ್ಕೊಂದು ಎಂದು ತಿದ್ದು” ಎಂದರು. ಕಮಲಾಬಾಯಿ, “ಗಳಿಗೆಗೊಂದು ಎಂದು ತಿದ್ದಮ್ಮ. ಮದುವೆಯಾದಾಗಿನಿಂದ ಮರಾಠಿಯಲ್ಲಿ ಹೇಳುತ್ತಲೇ ಇದ್ದೇನೆ, ಇವರ ಕಿವಿಗೆ ಬೀಳಲು ಕನ್ನಡವೇ ಬೇಕಾಯಿತು” ಎಂದರು. ರಾವ್ ನಗಲಿಲ್ಲ. ದ್ರಾಕ್ಷಿ ಸಿಹಿ ಎಂದು ನಿಜವಾಗಿಯೂ ಬರೆದಿದೆಯೇ ಎಂದು ಸರೋಜಿನಿಯನ್ನು ಕೇಳಿದರು. ಅವಳು, ಅದನ್ನು ಓದಿಯೇ ಕೊಳ್ಳಲು ಬಂದೆ, ಬೈಯುವವಳೇ ಸಿಹಿ ಎಂದ ಮೇಲೆ ಸಿಹಿಯೇ ಇರಬೇಕು ಎಂದಳು. ಕಾಲನಿಯ ಉಳಿದವರಿಗೂ ಸೇರಿಸಿ ದೊಡ್ಡ ಚೀಲವನ್ನೇ ಕಟ್ಟಿಸಿಕೊಂಡಳು.

“ಹಾಗಾದರೆ ಇರಲಿ. ಕೆಳಗೆ ಮರಾಠಿಯಲ್ಲೂ ಬರಲಿ” ಎಂದರು ರಾವ್. ಚೆನ್ನಾಗಿದೆ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಬದಲಿಗೆ ಮನ್ಮಾಡಿಗೆ ಫೋನ್ ಹಚ್ಚಿದರು. ಅಳಿಯನ ಲಾಡ್ಜಿಗೂ ವೆಬ್‌ಸೈಟ್ ಬೇಕಂತೆ. ಅವನನ್ನೂ ಹೀಗೆಯೇ ಬೈಯಬೇಕಂತೆ. ನಮ್ಮ ಕರಾರಿನ ಪ್ರಕಾರ ಇದು ಒಪ್ಪಿಗೆಯೇ ಎಂದು ನನ್ನ ಲೆಕ್ಕ. ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಲು ಕಾಕಾನಿಗೆ ಹೇಳು.

ಈ ಪತ್ರವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೀಯೆಂದು ಗೊತ್ತು. ಕಳಿಸು.

ನಿನ್ನ
ಮಾಲವಿಕಾ

ತಾ.ಕ.: ನಿಖಿಲ ಸೈಬರ್ ಕೆಫೆಗೆ ಕರೆದೊಯ್ದು ತೋರಿಸುವ ಮೊದಲು ನಾನೇ ಹೇಳುತ್ತೇನೆ. ಮೇಲೆ ಬಿಟ್ಟ ಸಾಲು ಇದು: “ಹಟದಲ್ಲಿ ಇವರನ್ನು ಮೀರಿಸುವವಳು ನನ್ನ ಅವ್ವ ಒಬ್ಬಳೇ, ಆದರೆ ಅವಳ ಶೇಂಗಾ ಹೋಳಿಗೆ ತಿಂದವರು ಅದನ್ನೂ ಮರೆಯುತ್ತಾರೆ.” ಇದೊಂದನ್ನಾದರೂ ತೆಗೆಯುತ್ತೇನೆ ಎಂದು ಬೇಡಿಕೊಂಡೆ, ರಾವ್ ಕೇಳಲಿಲ್ಲ. ಓಝರ್ ಕಾಲನಿಯವರು ದೀಪಾವಳಿಗೆ ಆ ಹೋಳಿಗೆ ಎಲ್ಲಿ ಸಿಗುತ್ತದೆ ಎಂದು ಅಂಗಡಿಗೇ ಫೋನ್ ಮಾಡುತ್ತಿದ್ದಾರೆ. ನೀನು ಬರುತ್ತೀಯೆಂದು ಹೇಳಿಬಿಟ್ಟಿದ್ದೇನೆ. ಅಲ್ಲಿ ಬೀಗ ಹಾಕಿ ಮೂವರೂ ಹೊರಡಿ. ಹಂಚು ಇಲ್ಲಿದೆ, ಲಟ್ಟಣಿಗೆ ಮಾತ್ರ ತಾ.