ಕೊಡದೆ ತಂದ ಅರ್ಜಿ

ಗುಂಡ್ಲುಪೇಟೆ,
ಶನಿವಾರ, ೧೪ ಜೂನ್ ೨೦೨೫

ಮಗಳು ಪವಿತ್ರಳಿಗೆ,

ನಿನ್ನ ಮಾವನ ಆಶೀರ್ವಾದ. ನೀನು ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ನಾನು ಬರೆದ ಒಂದೆರಡು ಕಾಗದಗಳನ್ನು ‘ಚಿ. ಸೌ.’ ಎಂದು ಶುರು ಮಾಡಿದ್ದೆ. ಇವತ್ತೂ ಕೈ ತಾನಾಗಿ ‘ಚಿ.’ ಬರೆದುಬಿಟ್ಟಿತು. ಮುಂದಿನ ಅಕ್ಷರ ಬರೆಯಲಾಗದೆ ಆ ಹಾಳೆ ಹರಿದುಹಾಕಿ ಇದನ್ನು ತೆಗೆದುಕೊಂಡೆ. ನೀನು ಹೇಗಿದ್ದೀ ತಾಯಿ? ಕುದೇರಿನಿಂದ ಸಂತೆಮರಹಳ್ಳಿಗೆ ದಿನಾ ಬಸ್ಸಿನಲ್ಲಿ ನಿಂತೇ ಹೋಗಿಬರುವುದರಿಂದ ಸೊಂಟ ಹಿಡಿದಿದೆ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಆ ನರ್ಸರಿ ಶಾಲೆಯಲ್ಲಿ ಕೂರಲು ಒಂದು ಕುರ್ಚಿಯನ್ನಾದರೂ ಕೊಟ್ಟಿದ್ದಾರೋ ಇಲ್ಲವೋ. ರೂಪಶ್ರೀಯ ಮುಂದಿನ ಹಲ್ಲು ಬಿತ್ತೇ? ಹೋದ ಭಾನುವಾರ ಫೋನಿನಲ್ಲಿ ‘ಅಲ್ಲಾಡ್ತಾ ಅದೆ ತಾತ, ಮುಟ್ಟುದ್ರೆ ನೋಯ್ತದೆ’ ಅಂದಳು. ನಿಮ್ಮ ಅಮ್ಮ ಮಹಾಲಕ್ಷ್ಮಮ್ಮನವರ ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಬೇಡ.

ಇಲ್ಲಿ ನಿನ್ನ ಅತ್ತೆ ಗಂಗಾಂಬಿಕೆಯ ಸಕ್ಕರೆ ಕಾಯಿಲೆ ಸದ್ಯಕ್ಕೆ ಹತೋಟಿಯಲ್ಲಿದೆ. ಶಾಲೆ ಶುರುವಾಗಿ ಎರಡು ವಾರ ಕಳೆಯಿತು. ಒಂದನೇ ತರಗತಿಗೆ ಹನ್ನೊಂದು ಮಕ್ಕಳು ಸೇರಿದ್ದಾರೆ. ಅವರಲ್ಲಿ ಮೂವರು ಭೀಮನಬೀಡು ಕಡೆಯಿಂದ ಆಟೋದಲ್ಲಿ ಬರುತ್ತಾರೆ, ಬಂದ ಕೂಡಲೇ ಅಳುತ್ತಾರೆ. ಬಿಸಿಯೂಟದ ಪುಟ್ಟಸಿದ್ದಮ್ಮ ಅವರಿಗೆ ಮೊದಲು ಒಂದೊಂದು ಲೋಟ ಹಾಲು ಕೊಟ್ಟು ಆಮೇಲೆ ಒಳಗೆ ಕಳಿಸುತ್ತಾಳೆ. ದಿನಕ್ಕೊಂದು ಸಲವಾದರೂ ನನ್ನ ಮುಂದೆ ನಿಂತು, ‘ಮೇಷ್ಟ್ರೇ, ಪವಿತ್ರಮ್ಮ ಊರ್ಗೆ ಇನ್ನ ಬರಾಕಿಲ್ವಾ? ಕಾಯಂ ಕೆಲ್ಸ ಏನಾಯ್ತು ಅವ್ರ್ದು?’ ಅನ್ನುತ್ತಾಳೆ. ಅವಳಿಗೆ ನಾನು ‘ನೋಡನ ಬುಡು’ ಅಂದು ಹಾಜರಿ ಪುಸ್ತಕ ಬಿಡಿಸಿಕೊಂಡು ಕೂರುತ್ತೇನೆ. ನಾನು ಇನ್ನು ಆ ಮುಖ್ಯಶಿಕ್ಷಕನ ಕುರ್ಚಿಯಲ್ಲಿ ಇರುವುದು ಜುಲೈ ಮುಗಿಯುವ ತನಕ ಮಾತ್ರ. ಬೀಳ್ಕೊಡುಗೆಗೆ ಯಾವ ಬಣ್ಣದ ಶಾಲು ತರಬೇಕು ಎಂದು ಹುಡುಗು ಮೇಷ್ಟ್ರುಗಳು ಈಗಲೇ ಗುಸುಗುಸು ನಡೆಸಿದ್ದಾರೆ.

ಇದಿಷ್ಟನ್ನೂ ಭಾನುವಾರ ನೀನು ಫೋನ್ ಮಾಡಿದಾಗ ಹೇಳಬಹುದಿತ್ತು. ಫೋನಿನಲ್ಲಿ ಹೇಳಲಾಗದ್ದು ಒಂದಿದೆ. ಇದಕ್ಕೆ ಮುಂಚೆಯೂ ಮೂರು ಭಾನುವಾರ ಪ್ರಯತ್ನಪಟ್ಟೆ. ನೀನು ‘ಮಾವ, ಮಾತ್ರೆ ತಗೊಂಡ್ರಾ?’ ಅಂತ ಕೇಳಿದ ಕೂಡಲೇ ‘ತಗೊಂಡೆ’ ಅಂದು ಫೋನನ್ನು ನಿನ್ನ ಅತ್ತೆಯ ಕೈಗೆ ಕೊಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಓದುವಾಗ ರೂಪಿ ಹತ್ತಿರದಲ್ಲಿರುವುದು ಬೇಡ.

ನಮ್ಮ ತಾಲ್ಲೂಕಿನ ಶಿಕ್ಷಕರೆಲ್ಲ ನನ್ನನ್ನು ‘ಸುತ್ತೋಲೆ ಮೇಷ್ಟ್ರು’ ಅನ್ನುತ್ತಾರೆ ಎಂಬುದು ನಿನಗೆ ಗೊತ್ತು. ನನ್ನ ಮಗ ಬಸವಪ್ರಸಾದನೂ, ತಾನೂ ಮೇಷ್ಟ್ರಾದ ಮೇಲೆ, ಅದೇ ಹೆಸರು ಹಿಡಿದು ರೇಗಿಸುತ್ತಿದ್ದ. ವರ್ಗಾವಣೆ ಇರಲಿ, ಬಡ್ತಿ ಪಟ್ಟಿ ಇರಲಿ, ತರಬೇತಿ ಇರಲಿ, ಇಲಾಖೆಯಿಂದ ಬಂದ ಯಾವ ಕಾಗದವನ್ನೂ ನಾನು ಸುಮ್ಮನೆ ಮಡಿಸಿಟ್ಟವನಲ್ಲ. ವಾಟ್ಸಾಪು ಬರುವುದಕ್ಕೆ ಮುಂಚಿನಿಂದಲೂ ಅಷ್ಟೇ. ಗಟ್ಟಿಯಾಗಿ ಓದಿ ಹೇಳಿ, ಎಲ್ಲರಿಂದ ಸಹಿ ಹಾಕಿಸಿಕೊಂಡು, ಕೊನೆಯ ದಿನಾಂಕವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡುತ್ತಿದ್ದೆ. ಒಂದು ಸಲ ಸಣ್ಣತಾಯಮ್ಮ ಟೀಚರು ಹೆರಿಗೆ ರಜೆಯಲ್ಲಿದ್ದಾಗ ವರ್ಗಾವಣೆಯ ಕೌನ್ಸೆಲಿಂಗ್ ಬಂದಿತ್ತು. ಅವರ ತವರಿನ ತನಕ ಬಸ್ಸಿನಲ್ಲಿ ಹೋಗಿ, ಬಾಣಂತಿ ಕೋಣೆಯ ಬಾಗಿಲ ಹೊರಗೆ ನಿಂತು ಸುತ್ತೋಲೆ ಓದಿ ಹೇಳಿ ಬಂದಿದ್ದೆ. ಅವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಕೈ ಮುಗಿಯುತ್ತಾರೆ. ಯಾರ ಪಾಲಿಗೆ ಬಂದ ಅವಕಾಶವೂ ನನ್ನ ಮೇಜಿನ ಮೇಲೆ ಸಾಯಬಾರದು ಎಂಬುದೊಂದೇ ನನ್ನ ಹಟವಾಗಿತ್ತು.

ಬಸವಪ್ರಸಾದ ಹೋಗಿ ಐದನೇ ತಿಂಗಳಲ್ಲಿ, ಅನುಕಂಪದ ಆಧಾರದ ಕೆಲಸಕ್ಕೆ ನಿನ್ನ ಅರ್ಜಿ ನಾನೇ ಬರೆದೆ. ಅವನು ತನ್ನ ಶಾಲೆಯಲ್ಲಿ ಮಕ್ಕಳಿಗೆ ಸಾರು ಬಡಿಸುತ್ತಾ ಎದೆ ಹಿಡಿದುಕೊಂಡು ಕುಸಿದ ಆ ಮಂಗಳವಾರದಿಂದ ಅಲ್ಲಿಯವರೆಗೆ ನೀನು ಅಡುಗೆಮನೆಯ ಹೊಸ್ತಿಲು ದಾಟಿ ಈಚೆ ಬಂದು ಮಾತಾಡಿದ್ದೇ ಕಡಿಮೆ. ಅವತ್ತು ಮಾತ್ರ ಬಂದು ನನ್ನೆದುರು ಚಾಪೆಯ ಮೇಲೆ ಕೂತು, ನಾನು ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದೆ. ‘ಗುಮಾಸ್ತೆ ಕೆಲಸ ಆದ್ರೂ ಸರಿ ಮಾವ, ಅವರ ಇಲಾಖೆಯಲ್ಲೇ ಇರ್ತೀನಲ್ಲ’ ಅಂದೆ. ಮರಣ ಪತ್ರ, ವಂಶವೃಕ್ಷ, ನನ್ನದೂ ನಿನ್ನ ಅತ್ತೆಯದೂ ಒಪ್ಪಿಗೆ ಪತ್ರ ಎಲ್ಲವನ್ನೂ ಜೋಡಿಸಿ ದಾರ ಕಟ್ಟಿ, ಮಾರನೆಯ ದಿನ ರಜೆ ಹಾಕಿ ಚಾಮರಾಜನಗರಕ್ಕೆ ಹೊರಟೆ. ಸತ್ತ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸೇರಬೇಕು ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ಇನ್ನೂ ಏಳು ತಿಂಗಳು ಕೈಯಲ್ಲಿತ್ತು.

ಇಲಾಖೆಯ ಜಿಲ್ಲಾ ಕಚೇರಿಯ ಜಗಲಿಯಲ್ಲೇ ನಮ್ಮ ಸುಧಾಕರ್ ಸಿಕ್ಕಿದ. ನನ್ನ ಹಳೇ ಶಿಷ್ಯ, ಈಗ ಅಲ್ಲಿ ಇಂಥ ಅರ್ಜಿಗಳ ಕಡತ ನೋಡಿಕೊಳ್ಳುವವನು. ‘ಕೊಡಿ ಸಾರ್, ಈಗ್ಲೇ ಆವಕ ವಹಿಯಲ್ಲಿ ಹತ್ತಿಸಿಬಿಡ್ತೀನಿ. ಆದ್ರೆ ಒಂದು ಮಾತು, ಈಗ ಖಾಲಿ ಇರೋದು ಹನೂರಿನ ಆಚೆ ಕಡೆ ಮಾತ್ರ. ಪವಿತ್ರಮ್ಮ ಮಗು ಕರ್ಕೊಂಡು ಅಲ್ಲೇ ಮನೆ ಮಾಡ್ಬೇಕಾಗುತ್ತೆ’ ಅಂದ. ಒಳ್ಳೆಯದಕ್ಕೇ ಹೇಳಿದ, ಅವನ ತಪ್ಪು ಎಳ್ಳಷ್ಟೂ ಇಲ್ಲ. ಒಂದು ಜೆರಾಕ್ಸ್ ಬಾಕಿ ಇದೆ, ಮಾಡಿಸಿಕೊಂಡು ಬರುತ್ತೇನೆ ಅಂದು ನಾನು ಹೊರಗೆ ಬಂದೆ. ಜೆರಾಕ್ಸ್ ಅಂಗಡಿ ದಾಟಿದೆ. ಬಸ್ ನಿಲ್ದಾಣ ಬಂತು. ತೆರಕಣಾಂಬಿ ದಾಟಿ ಬಸ್ಸು ಗುಂಡ್ಲುಪೇಟೆಗೆ ಬರುವವರೆಗೂ ಕೈಚೀಲವನ್ನು ತೊಡೆಯ ಮೇಲೆ ಅಮುಕಿ ಹಿಡಿದುಕೊಂಡಿದ್ದೆ. ಮಗ ಹೋದ. ಇನ್ನು ಬೆಳಗೆದ್ದರೆ ‘ತಾತ’ ಅನ್ನುವ ಆ ಒಂದು ದನಿಯೂ ಹನೂರಿಗೆ ಹೋದರೆ ಆ ಮನೆಯೊಳಗೆ ನಾವಿಬ್ಬರು ಏನು ಮಾಡಬೇಕು ಎಂಬುದೊಂದೇ ತಲೆಯಲ್ಲಿತ್ತು. ನೀನು ಬಾಗಿಲಲ್ಲಿ ನಿಂತು ‘ಕೊಟ್ರಾ ಮಾವ?’ ಅಂದೆ. ‘ಕೊಟ್ಟು ಬಂದೆ ಕಣಮ್ಮ’ ಅಂದೆ.

ಮುಂದಿನ ವಾರ ಕೊಡೋಣ, ಆ ಹೊತ್ತಿಗೆ ಹತ್ತಿರದಲ್ಲಿ ಯಾವುದಾದರೂ ಜಾಗ ಖಾಲಿಯಾಗುತ್ತದೆ ಎಂದುಕೊಂಡೆ. ಮುಂದಿನ ವಾರವೂ ಹಾಗೇ ಅಂದುಕೊಂಡೆ. ನೀನು ಐದು ಸಲ ಕೇಳಿದೆ, ಲೆಕ್ಕ ನನಗೆ ನೆನಪಿದೆ. ಐದು ಸಲವೂ ‘ಸರ್ಕಾರದ ಕೆಲಸ, ನಿಧಾನ’ ಎಂಬ ಉತ್ತರವನ್ನೇ ಕೊಟ್ಟೆ. ಬಸವಪ್ರಸಾದನ ವರ್ಷದ ಕಾರ್ಯಕ್ಕೆ ಬಂದ ನೆಂಟರಿಗೆಲ್ಲ ನೀನು ಎಲೆ ಹಾಕುತ್ತಿದ್ದೆ. ಆ ದಿನವೇ ಕೊನೆಯ ದಿನ ಎಂದು ಆ ಮನೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಕೂತು ಪಾಯಸ ಉಂಡೆ ಕಣಮ್ಮ. ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ, ಆದರೆ ಉಂಡದ್ದು ನಿಜ.

ಆಮೇಲಿನದು ನಿನಗೆ ತಿಳಿದದ್ದೇ. ಮೂರು ತಿಂಗಳು ಕಾದು ನೀನೇ ಬಸ್ಸು ಹತ್ತಿ ಕಚೇರಿಗೆ ಹೋದೆ. ಸಂಜೆ ಬಂದು, ನಾನು ಕಾಫಿ ಕುಡಿದು ಲೋಟ ಕೆಳಗಿಡುವ ತನಕ ಕಾದಿದ್ದು, ‘ಮಾವ, ಆವಕ ವಹಿಯಲ್ಲಿ ನನ್ನ ಹೆಸರೇ ಇಲ್ಲ’ ಅಂದೆ. ನಾನು ಎದ್ದು ಹೋಗಿ ಬೀರುವಿನಿಂದ ಆ ಕಟ್ಟು ತಂದು ನಿನ್ನ ಮುಂದೆ ಇಟ್ಟೆ. ದಾರ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ನೀನು ಆ ಗಂಟನ್ನು ಮುಟ್ಟಿ ನೋಡಿದೆ. ಕೂಗಾಡಲಿಲ್ಲ. ‘ಮರೆತುಬಿಟ್ರಾ ಮಾವ?’ ಅಂದೆ. ಆ ಪ್ರಶ್ನೆಯೊಳಗೇ ನನಗೊಂದು ದಾರಿ ಬಿಟ್ಟುಕೊಟ್ಟಿದ್ದೆ. ನಾನು ತಲೆ ತಗ್ಗಿಸಿ ‘ಹೂಂ’ ಅಂದೆ. ಮಗ ಸತ್ತ ದುಃಖದಲ್ಲಿ ಮುದುಕನ ಬುದ್ಧಿ ಮಂಕಾಗಿತ್ತು ಎಂದು ನೀನು ನಂಬಿದೆ. ಆಮೇಲೆ ನೀನೇ ತಡವಾಗಿ ಹಾಕಿದ ಅರ್ಜಿ, ಅವಧಿ ಮೀರಿದೆ ಎಂದು ಫೆಬ್ರವರಿಯಲ್ಲಿ ತಿರಸ್ಕಾರವಾಗಿ ಬಂತು. ಅವತ್ತೂ ನೀನೇ ನನಗೆ ಸಮಾಧಾನ ಹೇಳಿದೆ. ರೂಪಿಯ ಪರೀಕ್ಷೆ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ತವರಿಗೆ ಹೊರಟಾಗ ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದೆ. ಯಾರನ್ನು ಕಳೆದುಕೊಳ್ಳಬಾರದೆಂದು ಆ ಕೆಲಸ ಮಾಡಿದೆನೋ ಅವರು ಆಟೋದಲ್ಲಿ ತಿರುವು ದಾಟಿದರು. ಹನೂರಿಗೆ ಹೋಗಿದ್ದರೆ ನಿನ್ನ ಕಾಲ ಮೇಲೆ ನೀನು ನಿಂತಿರುತ್ತಿದ್ದೆ. ಈಗ ಅದೂ ಇಲ್ಲ.

ನಾನು ಮರೆಯಲಿಲ್ಲ ಪವಿತ್ರ. ಒಂದು ದಿನವೂ ಮರೆತಿರಲಿಲ್ಲ.

ಇಷ್ಟು ದಿನ ಇಲ್ಲದ್ದು ಈಗೇಕೆ ಎಂದು ಕೇಳುತ್ತೀ. ಹೋದ ಸೋಮವಾರ ಚಾಮರಾಜನಗರದಲ್ಲಿ ಹೊಸದಾಗಿ ಬಡ್ತಿ ಪಡೆದ ಮುಖ್ಯಶಿಕ್ಷಕರಿಗೆ ತರಬೇತಿ ಇತ್ತು. ಮಾಹಿತಿಯನ್ನು ಶಿಕ್ಷಕರಿಗೆ ತಲುಪಿಸುವುದು ಹೇಗೆ ಎಂದು ನಾನೇ ಒಂದು ಗಂಟೆ ಮಾತಾಡಬೇಕು ಎಂದಿದ್ದರು. ನಲವತ್ತು ಜನ ಕೂತಿದ್ದರು. ಸಹಿ ಪುಸ್ತಕ, ಕಪ್ಪುಹಲಗೆಯ ಮೂಲೆ, ಬಾಣಂತಿ ಕೋಣೆ ಎಲ್ಲ ಹೇಳಿದೆ, ನಕ್ಕರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು, ‘ಸಾರ್, ಮುಖ್ಯಶಿಕ್ಷಕರ ಕೈಯಲ್ಲೇ ಒಬ್ಬರ ಅವಕಾಶ ತಪ್ಪಿಹೋದ್ರೆ ಆಮೇಲೆ ಸರಿಮಾಡೋದು ಹೇಗೆ?’ ಅಂದಳು. ಪಾಪ, ಸುಮ್ಮನೆ ತಿಳಿಯಲು ಕೇಳಿದ್ದು. ‘ತಪ್ಪಿಸಿದವನು ಒಪ್ಪಿಕೊಳ್ಳಬೇಕಮ್ಮ’ ಅಂದೆ. ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿದೆ ಎಂದು ತಿಳಿದು ಯಾರೋ ನೀರು ತಂದುಕೊಟ್ಟರು.

ಅದೇ ಮಧ್ಯಾಹ್ನ ಕಚೇರಿಗೆ ಹೋಗಿ ಎರಡು ಪುಟ ಬರೆದುಕೊಟ್ಟೆ. ಅರ್ಜಿದಾರಳು ಸಕಾಲಕ್ಕೆ ಸಹಿ ಮಾಡಿ ಕೊಟ್ಟಿದ್ದಳು, ತಡೆದಿಟ್ಟವನು ನಾನು, ಬೇಕೆಂದೇ ತಡೆದೆ ಎಂದು ಬರೆದೆ. ಸುಧಾಕರ್ ಓದಿ, ‘ಸಾರ್, ನಿವೃತ್ತಿಗೆ ಇನ್ನು ಎರಡು ತಿಂಗಳೂ ಇಲ್ಲ, ಇದನ್ನು ಹರಿದುಹಾಕ್ಬಿಡ್ಲಾ?’ ಅಂದ. ಅವನ ಕಣ್ಣು ತುಂಬಿತ್ತು. ಬೇಡ, ವಹಿಯಲ್ಲಿ ಹತ್ತಿಸು ಅಂದೆ. ಅಧಿಕಾರಿಗಳು ಒಳಗೆ ಕರೆದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಿಧಾನವಾಗಿ ಓದಿ, ‘ಇದರ ಮೇಲೆ ನಿಮ್ಮ ಸೊಸೆಯ ಕಡತವನ್ನು ಇನ್ನೊಂದು ಸಲ ಬೆಂಗಳೂರಿಗೆ ಕಳಿಸಿ ನೋಡಬಹುದು. ಅಲ್ಲಿ ಒಪ್ಪುತ್ತಾರೆ ಅನ್ನೋ ಖಾತ್ರಿ ನಾನು ಕೊಡಲಾರೆ. ಆದರೆ ನಿಮ್ಮ ಮೇಲೆ ವಿಚಾರಣೆ ಆಗುವುದು ಖಾತ್ರಿ’ ಅಂದರು. ಹಾಗೇ ಆಗಲಿ ಅಂದೆ. ಅವರು ಆಮೇಲೆ ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು.

ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಹೂವು ಕಟ್ಟುತ್ತಿದ್ದವಳು ದಾರ ಕೈಬಿಟ್ಟು, ‘ನಂಗೆ ಅನುಮಾನ ಇತ್ತು ಕಣಿ. ನಾನೂ ಕೇಳ್ನಿಲ್ಲ. ಕೇಳುದ್ರೆ ಕೂಸು ಓಯ್ತದಲ್ಲ ಅಂತ ಬಾಯ್ ಮುಚ್ಕಂಡಿದ್ದೆ’ ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳ ಮೇಲೆ ನಿನಗೆ ಸಿಟ್ಟು ಬೇಡ, ತಾಯಿ. ಬೀರುವಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ.

ಕ್ಷಮಿಸು ಎಂದು ಬರೆಯಲು ಹೋಗಿ ಬಿಟ್ಟಿದ್ದೇನೆ. ಕ್ಷಮಿಸುವುದು ನಿನಗೆ ಅಭ್ಯಾಸವಾಗಿದೆ, ಅದನ್ನೇ ನಾನು ಒಂದು ಸಲ ಬಳಸಿಕೊಂಡೆ. ಇನ್ನು ಭಾನುವಾರ ನಿನ್ನ ಫೋನು ಬಾರದಿದ್ದರೆ ಯಾಕೆಂದು ನನಗೆ ಅರ್ಥವಾಗುತ್ತದೆ. ರೂಪಿಗೆ ಮಾತ್ರ ಯಾವತ್ತಾದರೂ ಅವಳು ಕೇಳಿದಾಗ, ಅವಳ ತಾತ ಕೆಟ್ಟದ್ದು ಮಾಡಿದ, ಆದರೆ ಅವಳ ಮೇಲಿನ ಆಸೆಗೆ ಮಾಡಿದ ಎಂದು ಹೇಳು. ಎರಡನ್ನೂ ಹೇಳು, ಒಂದನ್ನೇ ಹೇಳಬೇಡ.

ಮಾದಪ್ಪ ನಿನ್ನ ದಾರಿಯಲ್ಲಿ ಬೆಳಕಿಟ್ಟು ನಡೆಸಲಿ. ಮಹಾಲಕ್ಷ್ಮಮ್ಮನವರಿಗೆ ನಮಸ್ಕಾರ, ಮಗುವಿಗೆ ಮುತ್ತು.

ಇಂತು,
ನಿನ್ನ ಮಾವ,
ಗುರುಪಾದಸ್ವಾಮಿ

ಮರೆತ ಮಾತು: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದೇ ೨೬ರ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೇಳಿಕೆ ಕೊಡಲು ನಿನ್ನನ್ನು ಚಾಮರಾಜನಗರಕ್ಕೆ ಕರೆಯುತ್ತಾರೆ, ನೋಟೀಸು ಬರುತ್ತದೆ. ತಡವಾದ ಅರ್ಜಿಯ ಜೊತೆ ನೀನು ಬರೆದುಕೊಟ್ಟ ಕಾಗದ ಕಡತದಲ್ಲೇ ಇದೆ. ‘ನಮ್ಮ ಮಾವ ದುಃಖದಲ್ಲಿ ಮರೆತರು, ಅವರದೇನೂ ತಪ್ಪಿಲ್ಲ’ ಎಂದು ಬರೆದಿದ್ದೀ. ಸುಧಾಕರ್ ಅದನ್ನು ತೋರಿಸಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಮಾತನ್ನೇ ನೀನು ಮತ್ತೆ ಹೇಳಿದರೆ ಕಡತ ಅಲ್ಲಿಗೆ ಮುಗಿಯುತ್ತದೆ. ಐದು ಸಲ ಕೇಳಿದ್ದನ್ನು, ನಾನು ಐದು ಸಲ ಸುಳ್ಳು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳು. ನನ್ನ ವಯಸ್ಸು ನೋಡಬೇಡ, ಪಿಂಚಣಿ ನೋಡಬೇಡ. ನನ್ನ ಮುಖ ಕಂಡರೆ ನಿನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಅವತ್ತು ನಾನು ಆ ಊರಿಗೇ ಬರುವುದಿಲ್ಲ. ನೀನೊಬ್ಬಳೇ ಹೋಗಿ ಹೇಳಿ ಬಾ.