ಒಳಗಿನಿಂದ ತೆರೆಯದ ಬಾಗಿಲು

ಟೊಲಿಡೊ, ಜುಲೈ ೧೪, ೧೯೫೨

ಭಯ ಇನ್ನೂ ಇಳಿದಿಲ್ಲ. ಮಧ್ಯಾಹ್ನ ಕಣ್ಣಾಮುಚ್ಚಾಲೆ ಆಡುತ್ತಿದ್ದ ಮಗಳು ಲೊರೀನ್ ಕಾಣಲಿಲ್ಲ. ಗ್ಯಾರೇಜಿನ ಹಳೆಯ ಫ್ರಿಜ್ ತೆರೆದರೆ, ಒಳಗೆ ಬೆವೆತು ಮುದುಡಿ ಕೂತಿದ್ದಳು.

“ಎಷ್ಟು ತಳ್ಳಿದ್ರೂ ಬಾಗ್ಲು ತೆರ್ಕೊಳ್ಳಲೇ ಇಲ್ಲಮ್ಮಾ.”

ಆ ಬಾಗಿಲಿನ ಚಿಲಕ, ಫ್ರಿಜ್ ಕಂಪನಿಯಲ್ಲಿರುವ ನನ್ನ ಗಂಡ ವೆಂಡೆಲ್ ರೂಪಿಸಿದ್ದು. ಕೈತುಂಬ ಸಾಮಾನಿದ್ದರೂ ಸೊಂಟದಿಂದ ದೂಡಿದರೆ ಟಕ್ಕೆಂದು ಬಿಗಿಯಬೇಕೆಂದು ನನ್ನಿಂದಲೇ ಮತ್ತೆ ಮತ್ತೆ ದೂಡಿಸಿದ್ದ. ಒಳಗಿನಿಂದ ಯಾರೂ ತಳ್ಳಿ ನೋಡಿರಲಿಲ್ಲ. ಈಗ ಎಲ್ಲ ಕಂಪನಿಗಳೂ ಅದನ್ನೇ ನಕಲು ಮಾಡಿವೆ.

ಸಂಜೆ ಬಂದವನು ಸುದ್ದಿ ಕೇಳಿ, ಕೋಟನ್ನೂ ಬಿಚ್ಚದೆ ಗ್ಯಾರೇಜಿಗೆ ಹೋಗಿ ಆ ಫ್ರಿಜ್ಜಿನ ಬಾಗಿಲು ಕಿತ್ತೆಸೆದ.

“ಸದ್ಯ, ಪೀಡೆ ತೊಲಗ್ತು,” ಎಂದೆ.

“ಎಲ್ಲಿ ತೊಲಗ್ತು ಮಾರಾಯ್ತಿ? ಊರಲ್ಲಿ ಮನೆಮನೇಲೂ ಇದೆ. ನಮ್ಮ ಅಡುಗೆಮನೇಲೂ ಇದೆ.”

ಈಗಷ್ಟೇ ಕೆಳಗೆ ಅಡುಗೆಮನೆಯಲ್ಲಿ ಟಕ್ಕೆಂದಿತು. ವೆಂಡೆಲ್ ನನ್ನ ಪಕ್ಕದಲ್ಲೇ ಮಲಗಿದ್ದಾನೆ. ಲೊರೀನಳ ಕೋಣೆಯ ಬಾಗಿಲು ತೆರೆದಿದೆ, ನಾನು—