ಬೆನ್ನ ಹಿಂದೆ ಹೊತ್ತಿದ ಪರದೆ

ಜೂನ್ ೭, ಶನಿವಾರ, ಸಂಜೆ

ಗಂಟಲು ಕಟ್ಟಿದೆ. ಬಿಸಿನೀರು, ಉಪ್ಪು. ಹರಾಜು ಕೂಗಿ ಬಂದ ದಿನವೆಲ್ಲ ಇದೇ ಪಾಡು. ಮೈಕ್ ಕೊಡಿಸ್ತೀನಿ ಅಂದರು ಹರಾಜು ಮನೆಯ ಯಜಮಾನಮ್ಮ. ಮೈಕ್! ನಾಟಕ ಕಂಪನಿಯ ರಾಜಪಾರ್ಟಿನವನ ಮಗನಿಗೆ ಮೈಕ್! ಅಪ್ಪ ಒಮ್ಮೆ ಗರ್ಜಿಸಿದರೆ ಡೇರೆಯ ಕೊನೇ ಸಾಲಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು. ನನ್ನ ದನಿ ಅಷ್ಟಿಲ್ಲ. ಹಳೇ ಬೀರು, ಕುರ್ಚಿ, ಗೋಡೆ ಗಡಿಯಾರ ಮಾರಲು ಸಾಕು.

ಇವತ್ತಿನ ಪ್ರವೇಶ ಭರ್ಜರಿ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ರಿಮೋಟ್. ಹಿಂದಿನ ಗೋಡೆಯ ದೊಡ್ಡ ಟೀವಿಗೆ ಗುಂಡಿ ಒತ್ತಿದೆ, ಎದೆಯುಬ್ಬಿಸಿದೆ — "ಬನ್ನಿ, ಮಹನೀಯರೇ!" ಸಭೆಯ ಕಣ್ಣುಗಳೆಲ್ಲ ಒಟ್ಟಿಗೆ ಅರಳಿದವು. ಮುಂದಿನ ಸಾಲಿನಲ್ಲಿ ಬೀರು ಸಾಹುಕಾರ — ಹಳೇ ಮರದ ಸಾಮಾನಿನ ವ್ಯಾಪಾರಿ, ಹೆಸರಿಟ್ಟವನು ನಾನೇ — ನನ್ನ ಪ್ರವೇಶಕ್ಕೆಂದೇ ಕನ್ನಡಕ ಏರಿಸುತ್ತಾನೆ. ಆಮೇಲೆ ತೆಗೆದು ಜೇಬಿಗೆ. ಭಲಾ! ರಸಿಕ ಅಂದರೆ ಅವನು.

ಜೂನ್ ೯, ಸೋಮವಾರ

ಯಜಮಾನಮ್ಮ ಒಳಗೆ ಕರೆದರು. ಬಾಗಿಲು ಹಾಕಿದರು. ಅಪಶಕುನ.

ಪ್ರತಿ ಸಾಮಾನಿಗೂ ಒಂದು ಗುಟ್ಟಿನ ಬೆಲೆ ಇರುತ್ತದೆ. ಅದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ಗೊತ್ತಿರುವುದು ಯಜಮಾನಮ್ಮನಿಗೆ, ನನಗೆ, ಹಿಂದಿನ ಕೋಣೆಯ ಕಂಪ್ಯೂಟರಿಗೆ, ಅದರ ಮುಂದೆ ಕೂರುವ ಪುಟ್ಟಿಗೆ. ಬೀರು ಸಾಹುಕಾರ ಮೂರು ಹರಾಜಿನಿಂದ ಸರಿಯಾಗಿ ಅದೇ ಬೆಲೆ ಕೂಗುತ್ತಿದ್ದಾನೆ. ಒಂದು ಕಾಸು ಹೆಚ್ಚಿಲ್ಲ.

"ಏನ್ರೀ, ನಿಮ್ಮ ಸೊಸೆ ಕಂಪ್ಯೂಟರ್ ತೆರೆದಿಟ್ಟು ಓಡಾಡ್ತಾಳಾ?"

"ನಮ್ಮ ಪುಟ್ಟಿನಾ? ಅವಳು ಊಟದ ಡಬ್ಬಿಗೂ ಬೀಗ ಹಾಕೋಳಮ್ಮ!"

"ಹಾಗಾದ್ರೆ ಬಾಯಿಬಿಟ್ಟೇ ಹೇಳ್ತಿದ್ದಾಳೆ. ಈ ತಿಂಗಳ ಕೊನೇ ಹರಾಜಿನವರೆಗೆ ನೋಡ್ತೀನಿ. ಆಮೇಲೆ ಅವಳ ಜಾಗಕ್ಕೆ ಬೇರೆಯವರು ಬರ್ತಾರೆ."

ತಂಗಿಯ ಮಗಳು. ಕೆಲಸಕ್ಕೆ ಸೇರಿಸಿದವನು ನಾನು.

ಅದೇ ದಿನ, ಸಂಜೆ

ಕೇಳಿದೆ. ಪುಟ್ಟಿಯನ್ನು ಕೇಳಬಾರದ ದನಿಯಲ್ಲಿ ಕೇಳಿದೆ. "ಸತ್ಯವನ್ನೇ ನುಡಿ, ಮಗಳೇ!"

"ಲಾಕ್ ಮಾಡಿಯೇ ಎದ್ದು ಹೋಗೋದು ಮಾವ. ಹಾಲ್‌ನಲ್ಲಿ ನಂಬರ್ ಚೀಟಿ ಹಂಚಿ ಬಂದು, ಪಾಸ್‌ವರ್ಡ್ ಹಾಕಿ, ಆಮೇಲೆ ಟೀವಿಯಲ್ಲಿ ಸಾಮಾನಿನ ಚಿತ್ರ ತೋರಿಸೋದು."

"ಪೂರ್ತಿ ಲಾಕ್ ಆಗಿರುತ್ತಾ?"

"ಅರ್ಧ ಲಾಕ್ ಅಂತ ಬೇರೆ ಇರುತ್ತಾ?" ಕಾಫಿ ಲೋಟ ಕೆಳಗಿಟ್ಟಳು. "ಹೊರಗಿನವರು ಅಂದ್ರೆ ಅನ್ಲಿ. ನೀವೂ ಅಂದ್ರಲ್ಲ."

ಹೋದಳು. ಕಾಫಿ ಹಾಗೇ ಉಳಿಯಿತು.

ಜೂನ್ ೧೪, ಶನಿವಾರ, ಸಂಜೆ

ಸಾಹುಕಾರನ ಮೇಲೇ ಕಣ್ಣಿಟ್ಟೆ. ಮೊದಲ ನಾಲ್ಕು ಸಾಮಾನಿಗೆ ಬಾಣದಂತೆ ಸರಿಯಾದ ಬೆಲೆ. ಐದನೆಯದಕ್ಕೆ ತಡಬಡಿಸಿದ. ಆರಕ್ಕೆ ಸುಮ್ಮನಾದ. ಗುಟ್ಟು ಮಾರುವವಳು ನಾಲ್ಕೇ ಮಾರುತ್ತಾಳೆಯೇ?

ಇನ್ನೊಂದು. ಪ್ರವೇಶದ ಹೊತ್ತಿಗೆ ಕನ್ನಡಕ ಏರಿಸಿದನಲ್ಲ — ನೋಡಿದ್ದು ನನ್ನನ್ನಲ್ಲ. ನನ್ನ ತಲೆಯ ಮೇಲೆ.

ಆ ನೋಟ ನನಗೆ ಗೊತ್ತು. ಅಪ್ಪ ಕಂದಪದ್ಯ ಹಾಡುತ್ತಿದ್ದಾಗ ಒಮ್ಮೆ ಹಿಂದಿನ ಅರಮನೆಯ ಪರದೆ ಕಳಚಿಬಿತ್ತು. ಹಿಂದೆ ಶತ್ರುರಾಜ ಬನಿಯನ್ನಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಸಭೆಯ ಕಣ್ಣೆಲ್ಲ ಅಪ್ಪನ ಕಿರೀಟದ ಮೇಲಕ್ಕೆ! ಜನ ತನ್ನ ಹಾಡನ್ನೇ ಮೆಚ್ಚಿದರೆಂದು ಅಪ್ಪ ಇನ್ನೊಂದು ಸಲ ಹಾಡಿದ. ತಿರುಗಿ ನೋಡಲಿಲ್ಲ. ಸಭೆಗೆ ಬೆನ್ನು ತೋರಿಸಿದವನು ನಟನೇ ಅಲ್ಲ — ನನಗೂ ಕೋಲು ಹಿಡಿದು ಕಲಿಸಿದ್ದು ಅದನ್ನೇ.

ನನ್ನ ಬೆನ್ನ ಹಿಂದೆ ಏನಿದೆ?

ಟೀವಿ.

ಜೂನ್ ೧೬, ಸೋಮವಾರ, ಬೆಳಿಗ್ಗೆ

ಪುಟ್ಟಿಯನ್ನು ಗೋಗರೆದೆ. ಮುಖ ಊದಿಸಿಕೊಂಡೇ ಬಂದಳು. ಕಂಪ್ಯೂಟರಿನಲ್ಲಿ ಬೆಲೆಯ ಹಾಳೆ ತೆರೆದು, ಲಾಕ್ ಮಾಡಿ ತೋರಿಸಿದಳು. ಬೆಟ್ಟದ ಚಿತ್ರ, ಗಂಟೆ, ಪಾಸ್‌ವರ್ಡ್ ಕೇಳುವ ಜಾಗ. ಭದ್ರ ಕೋಟೆ. ಹತ್ತು ನಿಮಿಷ ಹಾಗೇ ಬಿಟ್ಟೆವು. ನಾನು ಹೋಗಿ ಸಾಹುಕಾರನ ಕುರ್ಚಿಯಲ್ಲಿ ಕೂತೆ. ಈ ಹಾಲ್‌ನಲ್ಲಿ ಪ್ರೇಕ್ಷಕನಾಗಿದ್ದು ಇದೇ ಮೊದಲು.

"ಒತ್ತು!"

ಟೀವಿ ಹೊತ್ತಿತು. ಬೆಟ್ಟವಿಲ್ಲ! ಬೆಲೆಯ ಹಾಳೆ! ದಪ್ಪ ಅಕ್ಷರ, ಮೇಲಿನ ನಾಲ್ಕು ಸಾಲು... ಒಂದೆರಡು ಉಸಿರು. ಆಮೇಲೆ ಬೆಟ್ಟ ಬಂದು ಮುಚ್ಚಿತು.

ಪುಟ್ಟಿ ರಿಮೋಟ್ ಹಿಡಿದೇ ನಿಂತಿದ್ದಳು. "ಅರ್ಧ ಲಾಕ್ ಅಂತ ಇರುತ್ತೆ ಕಣೇ," ಅಂದೆ, ಮೆಲ್ಲಗೆ. ನಕ್ಕಳೋ ಅತ್ತಳೋ, ಮುಖ ತಿರುಗಿಸಿಕೊಂಡಳು.

ಅದೇ ದಿನ, ಮಧ್ಯಾಹ್ನ

ಯಜಮಾನಮ್ಮನನ್ನು ಎಳೆದು ತಂದೆವು. ಒತ್ತಿದೆ. ಬೆಟ್ಟ. ಆರಿಸಿ ಮತ್ತೆ ಒತ್ತಿದೆ. ಬೆಟ್ಟ. ಬೆಟ್ಟವೇ ಬೆಟ್ಟ!

"ಮಾವ-ಸೊಸೆ ಇಬ್ಬರೂ ಚೆನ್ನಾಗಿ ಪ್ರಾಕ್ಟೀಸ್ ಮಾಡಿದ್ದೀರಿ. ಆದ್ರೆ ನಾಟಕ ಸಾಕು."

ಜೂನ್ ೨೪, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ.

ಕಂಪ್ಯೂಟರ್ ರಿಪೇರಿಯವನು ಹೇಳಿದ: ಮಷೀನು ಸ್ವಲ್ಪ ಹೊತ್ತು ಸುಮ್ಮನಿದ್ದು ನಿದ್ದೆಗೆ ಜಾರಿರಬೇಕು. ಆಗ ಟೀವಿಯಂಥ ಹೊಸ ಪರದೆ ಸೇರಿಕೊಂಡರೆ ತಬ್ಬಿಬ್ಬಾಗುತ್ತದೆ. ಲಾಕ್ ಅನ್ನುವುದು ತನ್ನ ಹಳೇ ಪರದೆಗೆ ಮುಸುಕು ಹಾಕಿಕೊಂಡು ಕೂತಿರುತ್ತದೆ. ಹೊಸದಕ್ಕೂ ಹಾಕಬೇಕೆಂದು ಹೊಳೆಯುವಷ್ಟರಲ್ಲಿ ಒಳಗಿದ್ದದ್ದು ಇಣುಕಿಬಿಡುತ್ತದೆ. ನಾವು ಆ ಮಧ್ಯಾಹ್ನ ಬಿಡುವೇ ಕೊಡದೆ ಒತ್ತಿದೆವು. ಅದಕ್ಕೇ ಬೆಟ್ಟ. ಅಪ್‌ಡೇಟ್ ಹಾಕಿದರೆ ಸರಿಹೋಗುತ್ತದಂತೆ. ಸದ್ಯ ಮುಟ್ಟಬೇಡಪ್ಪ ಅಂದೆ.

ಇಪ್ಪತ್ತೊಂದರ ಹರಾಜಿನಲ್ಲಿ ಪುಟ್ಟಿ ಹಾಳೆಯನ್ನೇ ಮುಚ್ಚಿ ಲಾಕ್ ಮಾಡಿದ್ದಳು. ಸಾಹುಕಾರನಿಗೆ ಕತ್ತಲು. ಕಾಲು ಮುರಿದ ಮಂಚಕ್ಕೆ ಮೂರು ಪಟ್ಟು ಕೊಟ್ಟ! ಗೆದ್ದೆವು ಅಂದುಕೊಂಡೆ. ಯಜಮಾನಮ್ಮ ಅಂದರು, "ನೋಡಿದ್ರಾ? ಬೈದ ಮೇಲೆ ಹೇಳೋದು ನಿಲ್ಲಿಸಿದ್ಳು."

ಗಾದೆ ಸುಳ್ಳಲ್ಲ. ಈಚಲುಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗಾಯಿತು.

ಪುಟ್ಟಿಗೆ ರೇಗಿತು. ಎದುರಿಗೇ ಹೇಳಿದಳು. "ಹಾಗಾದ್ರೆ ಈ ಸಲ ಮೊದಲ ಸಾಮಾನಿನ ಬೆಲೆ ನೀವೇ ಟೈಪ್ ಮಾಡಿ. ನನಗೂ ಹೇಳಬೇಡಿ, ಮಾವನಿಗೂ ಹೇಳಬೇಡಿ. ನಿಮ್ಮ ಕೈಯಾರೆ ಲಾಕ್ ಮಾಡಿ, ಹಾಲ್‌ನಲ್ಲಿ ಬಂದು ನಿಂತ್ಕೊಳ್ಳಿ. ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ."

ಯಜಮಾನಮ್ಮ ಅವಳನ್ನೇ ನೋಡಿದರು. "ಆಯ್ತು."

ಇಷ್ಟು ಒಳ್ಳೆ ಮಾತು ಯಾವ ನಾಟಕದಲ್ಲೂ ನನಗೆ ಯಾರೂ ಬರೆದುಕೊಡಲಿಲ್ಲ.

ಜೂನ್ ೨೮, ಶನಿವಾರ, ಬೆಳಿಗ್ಗೆ, ಹರಾಜಿನ ಮುನ್ನ

ಪಕ್ಕದ ಬಾಗಿಲ ಮರೆಯಲ್ಲಿ ನಿಂತು ಗೀಚುತ್ತಿದ್ದೇನೆ. ಯಜಮಾನಮ್ಮ ಲಾಕ್ ಮಾಡಿ ಬಂದು ಕೊನೇ ಸಾಲಿನಲ್ಲಿ ನಿಂತು ಕಾಲು ಗಂಟೆಯಾಯಿತು. ಪಕ್ಕದಲ್ಲಿ ಪುಟ್ಟಿ, ಸೆರಗಿನ ತುದಿ ಸುರುಳಿ ಸುತ್ತುತ್ತ. ಬೆಲೆಯ ಹಾಳೆ ಇಣುಕದೆ ಹೋದರೆ ಇವತ್ತೇ ಅವಳ ಕೊನೇ ದಿನ. ಸಾಹುಕಾರ ಕನ್ನಡಕ ಒರೆಸುತ್ತಿದ್ದಾನೆ. ಒರೆಸು, ಮಗನೇ, ಚೆನ್ನಾಗಿ ಒರೆಸು.

ಗಂಟೆ ಹೊಡೆಯಿತು.

ಅದೇ ದಿನ, ನಡುವಿನ ಬಿಡುವು

ಬೇಗ ಬರೆಯುತ್ತೇನೆ.

ಗುಂಡಿ ಒತ್ತಿದೆ. ತಿರುಗಿದೆ! ಅಪ್ಪಾ, ಕ್ಷಮಿಸು — ತುಂಬಿದ ಸಭೆಗೆ ಬೆನ್ನು ಕೊಟ್ಟು ನಿಂತೆ. ಪರದೆಯ ಮೇಲೆ, ದಪ್ಪ ಅಕ್ಷರದಲ್ಲಿ: ಕನ್ನಡಿ ಬೀರು — ೪,೩೧೭. ಒಂದೆರಡು ಉಸಿರು. ಬೆಟ್ಟ ಬಂತು.

ಅಂಥ ಸಂಖ್ಯೆಯನ್ನು ಯಾರು ಕೂಗುತ್ತಾರೆ? ಜನ ಮೂರು ಸಾವಿರ ಅಂದರು, ಮೂರೂವರೆ ಅಂದರು. ಸಾಹುಕಾರ ಕನ್ನಡಕ ಮಡಚಿ ಜೇಬಿಗಿಟ್ಟ. ಗಂಭೀರವಾಗಿ ಎದ್ದ.

"ನಾಲ್ಕು ಸಾವಿರದ ಮುನ್ನೂರ ಹದಿನೇಳು."

ಸಭೆ ಗೊಳ್ಳೆಂದಿತು. ಯಾರೋ "ಚಿಲ್ಲರೆ ತಂದಿದ್ದೀರಾ ಸಾಹುಕಾರ್ರೇ?" ಅಂದರು. ನಾನು ನಗಲಿಲ್ಲ. ಒಂದು ಸಾರಿ, ಎರಡು ಸಾರಿ... ಮೂರನೆಯದನ್ನು ಕೂಗುವ ಮೊದಲು ಕೊನೇ ಸಾಲು ನೋಡಿದೆ. ಯಜಮಾನಮ್ಮ ಪುಟ್ಟಿಯ ಕೈ ಹಿಡಿದುಕೊಂಡಿದ್ದರು. ಏನೋ ಹೇಳುತ್ತಿದ್ದರು. ಕೇಳಿಸಲಿಲ್ಲ. ಪುಟ್ಟಿ ಮಾತ್ರ ನನ್ನನ್ನೇ ನೋಡುತ್ತಿದ್ದಳು — ತಲೆಯ ಮೇಲಲ್ಲ, ನನ್ನನ್ನು.

ಈಗ ಬಾಗಿಲಲ್ಲಿ ನಿಂತಿದ್ದಾಳೆ, ಎರಡು ಲೋಟ ಕಾಫಿ ಹಿಡಿದು. "ಬರೆದಿದ್ದು ಸಾಕು ಬನ್ನಿ ಮಾವ, ಜನ ಕಾಯ್ತಿದ್ದಾರೆ. ಇನ್ನೊಂದ್ಸಲ ನನ್ನ ಹತ್ರ 'ಸತ್ಯವನ್ನೇ ನುಡಿ' ಅಂದ್ರೆ ಮಾತ್ರ —"

ಅಂದರೆ ಏನು ಮಾಡುತ್ತಾಳಂತೆ, ಕೇಳಿ ಬಂದು ಬರೆಯುತ್ತೇ —